ಅಧಿಕಾರದಲ್ಲೂ ಕ್ಯಾಥೋಲಿಕರು, ಎದುರಿಗೂ ಕ್ಯಾಥೋಲಿಕರು: ಅಮೆರಿಕದ ವಲಸೆ ಜಗಳದಲ್ಲಿ ಚರ್ಚ್ ನಿಂತದ್ದು ಎಲ್ಲಿ?

ಅಮೆರಿಕದ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಕ್ಯಾಥೋಲಿಕ್. ವಿದೇಶಾಂಗ ಸಚಿವ ಮಾರ್ಕೊ ರೂಬಿಯೊ ಕ್ಯಾಥೋಲಿಕ್. ಟ್ರಂಪ್ ಸರ್ಕಾರದಲ್ಲಿ ಗಡಿಯ ಉಸ್ತುವಾರಿ ವಹಿಸಿಕೊಂಡ ಟಾಮ್ ಹೋಮನ್ ಹುಟ್ಟು ಕ್ಯಾಥೋಲಿಕ್. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಕ್ಯಾಥೋಲಿಕರು. 2025ರ ಮೇ 8ರಂದು ಆಯ್ಕೆಯಾದ ಪೋಪ್ ಹದಿನಾಲ್ಕನೇ ಲಿಯೋ ಕೂಡ ಷಿಕಾಗೊದಲ್ಲೇ ಹುಟ್ಟಿದವರು. ಅಮೆರಿಕದಿಂದ ಬಂದ ಮೊದಲ ಪೋಪ್ ಅವರೇ.

ಇಷ್ಟೆಲ್ಲ ಇದ್ದ ಮೇಲೆ ಅಮೆರಿಕದ ಕ್ಯಾಥೋಲಿಕ್ ಚರ್ಚಿಗೂ ಸರ್ಕಾರಕ್ಕೂ ಚೆನ್ನಾಗಿರಬೇಕಿತ್ತು, ಅಲ್ವಾ? ಆದರೆ ಸುದ್ದಿ ಬೇರೆಯೇ ಬರುತ್ತಿದೆ. ಬಿಷಪರು ಸರ್ಕಾರದ ವಲಸೆ ನೀತಿಯನ್ನು ಖಂಡಿಸುತ್ತಾರೆ. ಸರ್ಕಾರದಲ್ಲಿರುವ ಕ್ಯಾಥೋಲಿಕರು ಬಿಷಪರಿಗೇ ಎದುರುತ್ತರ ಕೊಡುತ್ತಾರೆ. ಇಬ್ಬರೂ ಅದೇ ಬೈಬಲ್ಲು, ಅದೇ ಸಂತರ ಹೆಸರು ಹೇಳುತ್ತಾರೆ. ದೂರದಿಂದ ನೋಡುವವರಿಗೆ ತಲೆಬುಡ ಅರ್ಥವಾಗದಿದ್ದರೆ ಆಶ್ಚರ್ಯವಿಲ್ಲ.

ಈ ಜಗಳವನ್ನು ಎಡ–ಬಲ ಎಂದು ಎರಡು ಪಾಲು ಮಾಡಿ ನೋಡಿದರೆ ಅರ್ಧ ಮಾತ್ರ ಕಾಣುತ್ತದೆ. ವಲಸೆಯ ಪ್ರಶ್ನೆ ಅಮೆರಿಕದ ಚರ್ಚಿಗೆ ಯಾರೋ ಬೇರೆಯವರಿಗೆ ಮಾಡುವ ದಾನಧರ್ಮದ ವಿಷಯವಾಗಿ ಉಳಿದಿಲ್ಲ. ಗಡೀಪಾರಿನ ಭಯದಲ್ಲಿರುವವರಲ್ಲಿ ತುಂಬಾ ಜನ ಅದರ ಸ್ವಂತ ಭಕ್ತರೇ. ಇದನ್ನು ಹಿಡಿದುಕೊಂಡರೆ ಉಳಿದದ್ದು ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ.

ಬಾಲ್ಟಿಮೋರ್‌ನಲ್ಲಿ ಬಿಷಪರು ಹೇಳಿದ್ದು

ಅಮೆರಿಕದ ಬಿಷಪರೆಲ್ಲ ಪ್ರತಿ ವರ್ಷ ನವೆಂಬರ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ಸೇರುತ್ತಾರೆ. 2025ರ ನವೆಂಬರ್ 12ರಂದು ಅಲ್ಲಿ ಅವರು ವಲಸಿಗರ ಬಗ್ಗೆ ಒಂದು ‘ವಿಶೇಷ ಸಂದೇಶ’ ಹೊರಡಿಸಿದರು. ಪರವಾಗಿ 216 ವೋಟು, ವಿರೋಧ 5, ತಟಸ್ಥ 3. ಗರ್ಭಪಾತ, ಹಳೆಯ ಪದ್ಧತಿಯ ಲ್ಯಾಟಿನ್ ಪೂಜೆ, ಪರಮಪ್ರಸಾದ (ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ) ಯಾರಿಗೆ ಕೊಡಬೇಕು ಎಂಬಂಥ ವಿಷಯಗಳಲ್ಲಿ ವರ್ಷಗಟ್ಟಲೆ ಒಳಗೊಳಗೇ ಕಿತ್ತಾಡಿದ ಬಿಷಪರು ಇವರು. ಅಂಥವರು ಹೀಗೆ ಒಂದಾದದ್ದೇ ದೊಡ್ಡ ಸಂಗತಿ.

ಈ ‘ವಿಶೇಷ ಸಂದೇಶ’ವನ್ನು ಸುಮ್ನೆ ಹೊರಡಿಸುವುದಿಲ್ಲ. ಹಿಂದಿನದು ಬಂದದ್ದು 2013ರಲ್ಲಿ. ಆಗ ಒಬಾಮ ಸರ್ಕಾರ ಉದ್ಯೋಗಿಗಳ ಆರೋಗ್ಯ ವಿಮೆಯಲ್ಲಿ ಗರ್ಭನಿರೋಧಕಗಳೂ ಸೇರಬೇಕು ಎಂದಿತ್ತು, ಬಿಷಪರು ಅದನ್ನು ವಿರೋಧಿಸಿದ್ದರು. ಅಂದರೆ ಹನ್ನೆರಡು ವರ್ಷ ಕೆಳಗೆ ಡೆಮಾಕ್ರಾಟ್ ಸರ್ಕಾರದ ಮೇಲೆ ಬಳಸಿದ ಅಸ್ತ್ರವನ್ನು ಈಗ ರಿಪಬ್ಲಿಕನ್ ಸರ್ಕಾರದ ಮೇಲೆ ಬಳಸಿದ್ದಾರೆ.

ಸಂದೇಶದ ತಿರುಳು ಎರಡು ಭಾಗದ್ದು. ಗಡಿಯನ್ನು ಕಾಯುವುದು, ವಲಸೆಗೆ ನಿಯಮ ಹಾಕುವುದು ದೇಶದ ಹೊಣೆ ಎಂದು ಬಿಷಪರು ಒಪ್ಪುತ್ತಾರೆ. ಆದರೆ ಹಿಂದೆಮುಂದೆ ನೋಡದೆ ಜನರನ್ನು ಸಾಮೂಹಿಕವಾಗಿ ಗಡೀಪಾರು ಮಾಡುವುದನ್ನು ವಿರೋಧಿಸುತ್ತೇವೆ ಎಂದು ನೇರವಾಗಿ ಹೇಳುತ್ತಾರೆ. ಈ ನೇರ ಸಾಲು ಮೊದಲ ಕರಡಿನಲ್ಲಿ ಇರಲಿಲ್ಲ. ಷಿಕಾಗೊದ ಕಾರ್ಡಿನಲ್ ಬ್ಲೇಸ್ ಸೂಪಿಚ್ ಸಭೆಯಲ್ಲಿ ಸೂಚಿಸಿದ ಮೇಲೆ ಸೇರಿತು. ಇಡೀ ಸಂದೇಶದಲ್ಲಿ ಟ್ರಂಪ್ ಹೆಸರು ಎಲ್ಲೂ ಇಲ್ಲ. ಅದೂ ಬೇಕೆಂದೇ ಮಾಡಿದ್ದು. ಸರ್ಕಾರಗಳು ಬದಲಾಗುತ್ತವೆ, ಚರ್ಚಿನ ಬೋಧನೆ ಒಬ್ಬ ಅಧ್ಯಕ್ಷನಿಗೆ ಕೊಟ್ಟ ಉತ್ತರವಾಗಿ ಕಾಣಬಾರದು ಎನ್ನುವ ಎಚ್ಚರ ಅದರಲ್ಲಿದೆ.

ಟಾಮ್ ಹೋಮನ್ ಉತ್ತರ ಕೆಲವೇ ದಿನಗಳಲ್ಲಿ ಬಂತು: ಚರ್ಚ್ ತಪ್ಪು ಮಾಡುತ್ತಿದೆ, ಅದು ಮೊದಲು ತನ್ನ ಮನೆಯನ್ನು ಸರಿ ಮಾಡಿಕೊಳ್ಳಲಿ. ನವೆಂಬರ್ 18ರಂದು ಪೋಪ್ ಲಿಯೋ ಬಿಷಪರ ಬೆನ್ನಿಗೆ ನಿಂತರು. ಅವರ ಮಾತಿನ ಕ್ರಮ ಗಮನಿಸಬೇಕು. ಗಡಿಯನ್ನು ಪೂರ್ತಿ ತೆರೆದಿಡಿ ಎಂದು ಯಾರೂ ಹೇಳಿಲ್ಲ, ಯಾರು ಹೇಗೆ ಬರಬೇಕು ಎಂದು ತೀರ್ಮಾನಿಸುವ ಹಕ್ಕು ಪ್ರತಿ ದೇಶಕ್ಕೂ ಇದೆ ಎಂದು ಮೊದಲು ಹೇಳಿದರು. ಆಮೇಲೆ, ಹತ್ತು, ಹದಿನೈದು, ಇಪ್ಪತ್ತು ವರ್ಷದಿಂದ ಒಳ್ಳೆಯ ರೀತಿಯಲ್ಲಿ ಬಾಳುತ್ತಿರುವವರನ್ನು ಅವಮಾನಕರವಾಗಿ ನಡೆಸಿಕೊಳ್ಳುವುದು ಸರಿಯಲ್ಲ ಎಂದರು.

ಶುರುವಾದದ್ದು ದುಡ್ಡಿನ ಮಾತಿನಿಂದ

ಜಗಳದ ಬೀಜ ಇದಕ್ಕೂ ಹತ್ತು ತಿಂಗಳು ಹಿಂದೆ ಬಿದ್ದಿತ್ತು. ಟ್ರಂಪ್ 2025ರ ಜನವರಿ 20ರಂದು ಅಧಿಕಾರ ವಹಿಸಿಕೊಂಡರು. ಒಡನೆಯೇ ಎರಡು ಆದೇಶಗಳು ಚರ್ಚಿಗೆ ನೇರವಾಗಿ ತಟ್ಟಿದವು. ಚರ್ಚು, ಶಾಲೆ, ಆಸ್ಪತ್ರೆಗಳ ಒಳಗೆ ವಲಸೆ ಏಜೆಂಟರು ಸಾಮಾನ್ಯವಾಗಿ ಕಾರ್ಯಾಚರಣೆ ಮಾಡಬಾರದು ಎಂಬ ಹಳೆಯ ಸೂಚನೆ ರದ್ದಾಯಿತು. ನಿರಾಶ್ರಿತರನ್ನು ಕರೆತರುವ ಕಾರ್ಯಕ್ರಮ ನಿಂತಿತು.

ಬಿಷಪರು ತಕರಾರು ಎತ್ತಿದಾಗ ವ್ಯಾನ್ಸ್ ಟೀವಿ ಸಂದರ್ಶನದಲ್ಲಿ ಒಂದು ಮಾತು ಆಡಿದರು. ಅಕ್ರಮ ವಲಸಿಗರಿಗೆ ನೆಲೆ ಕಲ್ಪಿಸಲು ಬಿಷಪರಿಗೆ 10 ಕೋಟಿ ಡಾಲರಿಗೂ ಜಾಸ್ತಿ ಸರ್ಕಾರಿ ಹಣ ಬರುತ್ತದೆ, ಅವರ ಚಿಂತೆ ವಲಸಿಗರದ್ದೋ ತಮ್ಮ ಲೆಕ್ಕಪತ್ರದ್ದೋ ಎಂದು ಕೇಳಿದರು. ಬಿಷಪರಿಗೆ ಇದು ತುಂಬಾ ನೋವು ತಂದಿತು.

ಇಲ್ಲಿ ಎರಡು ಬೇರೆ ಗುಂಪುಗಳನ್ನು ಒಂದು ಮಾಡಿ ಮಾತಾಡುವುದೇ ಗೊಂದಲದ ಮೂಲ. ‘ನಿರಾಶ್ರಿತರು’ ಎಂದರೆ ಕದ್ದು ಗಡಿ ದಾಟಿದವರಲ್ಲ. 1980ರ ನಿರಾಶ್ರಿತರ ಕಾಯಿದೆಯ ಕೆಳಗೆ ಅಮೆರಿಕ ಸರ್ಕಾರವೇ ಹೊರದೇಶದಲ್ಲಿ ಅವರನ್ನು ಪರಿಶೀಲಿಸಿ, ಒಪ್ಪಿ, ಕರೆತರುತ್ತದೆ. ಬಂದಿಳಿದ ಮೇಲೆ ಬಾಡಿಗೆ ಮನೆ ಹುಡುಕುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು, ಕೆಲಸ ಕೊಡಿಸುವುದು ಇವೆಲ್ಲವನ್ನು ಧಾರ್ಮಿಕ ಮತ್ತು ಇತರ ಸಂಸ್ಥೆಗಳಿಗೆ ವಹಿಸುತ್ತದೆ. ಆ ಕೆಲಸಕ್ಕೆ ಹಣ ಕೊಡುತ್ತದೆ. ಖರ್ಚಿಗೆ ಆ ಹಣ ಸಾಲುವುದಿಲ್ಲ, ಉಳಿದದ್ದನ್ನು ನಾವೇ ಹಾಕುತ್ತೇವೆ ಎನ್ನುವುದು ಬಿಷಪರ ಉತ್ತರ. ಕಾಗದಪತ್ರ ಇಲ್ಲದೆ ನೆಲೆಸಿರುವವರ ಪ್ರಶ್ನೆ ಇದಕ್ಕಿಂತ ಪೂರ್ತಿ ಬೇರೆ.

ಹಣ ನಿಂತಾಗ 6,700ಕ್ಕೂ ಹೆಚ್ಚು ನಿರಾಶ್ರಿತರು ಬಿಷಪರ ಸಂಸ್ಥೆಯ ಆರೈಕೆಯಲ್ಲಿದ್ದರು, ಇನ್ನೂ ಮೊದಲ 90 ದಿನಗಳ ನೆರವಿನ ಅವಧಿಯಲ್ಲೇ ಇದ್ದರು. ಫೆಬ್ರುವರಿ 18ರಂದು ಬಿಷಪರು ಸರ್ಕಾರದ ಮೇಲೆ ಕೇಸು ಹಾಕಿದರು. ಏಪ್ರಿಲ್ 7ರಂದು ದಶಕಗಳಿಂದ ನಡೆದುಬಂದ ಈ ಪಾಲುದಾರಿಕೆಯನ್ನೇ ಮುಗಿಸುತ್ತೇವೆ ಎಂದು ಪ್ರಕಟಿಸಿದರು. ದುಡ್ಡಿಗಾಗಿ ಮಾತಾಡುತ್ತಾರೆ ಎನ್ನುವ ಆರೋಪ ಇಲ್ಲಿಗೆ ಸೋಲುತ್ತದೆ. ನವೆಂಬರ್‌ನಲ್ಲಿ ಬಿಷಪರು ಇನ್ನೂ ಜೋರಾಗಿ ಮಾತಾಡಿದಾಗ ಆ ಹಣದ ಒಪ್ಪಂದ ಉಳಿದೇ ಇರಲಿಲ್ಲ.

ಮೊದಲು ಯಾರನ್ನು ಪ್ರೀತಿಸಬೇಕು?

ವ್ಯಾನ್ಸ್ ಕ್ಯಾಥೋಲಿಕ್ ಆದದ್ದು 2019ರಲ್ಲಿ. ಓದಿಕೊಂಡು, ಯೋಚಿಸಿ ಬಂದವರು. ಹಾಗಾಗಿ ಅವರ ವಾದ ರಾಜಕೀಯದ ಜೊತೆಗೆ ಧರ್ಮಶಾಸ್ತ್ರದ್ದೂ ಹೌದು. ಅದೇ ಜನವರಿಯಲ್ಲಿ ಅವರು ಹೇಳಿದ್ದು ಹೀಗೆ: ಮೊದಲು ಮನೆಯವರನ್ನು ಪ್ರೀತಿಸುತ್ತೇವೆ, ಆಮೇಲೆ ನೆರೆಯವರು, ಆಮೇಲೆ ಊರಿನವರು, ಆಮೇಲೆ ದೇಶದವರು, ಅದಾದ ಮೇಲೆ ಉಳಿದ ಜಗತ್ತು. ಪ್ರೀತಿಗೊಂದು ಕ್ರಮ ಇದೆ ಎನ್ನುವ ಈ ವಿಚಾರಕ್ಕೆ ಹಳೆಯ ಕಾಲದ ದೊಡ್ಡ ಧರ್ಮಶಾಸ್ತ್ರಜ್ಞರಾದ ಸಂತ ಅಗಸ್ಟೀನ್, ಸಂತ ಥಾಮಸ್ ಅಕ್ವಿನಾಸರ ಬೇರು ಇದೆ. ವ್ಯಾನ್ಸ್ ಗಾಳಿಯಲ್ಲಿ ಹುಟ್ಟಿಸಿದ್ದಲ್ಲ.

ಆಗ ಪೋಪ್ ಆಗಿದ್ದವರು ಫ್ರಾನ್ಸಿಸ್. ಅವರು ಫೆಬ್ರುವರಿ 10ರಂದು ಅಮೆರಿಕದ ಬಿಷಪರಿಗೆ ಪತ್ರ ಬರೆದರು. ವ್ಯಾನ್ಸ್ ಹೆಸರು ಎತ್ತಲಿಲ್ಲ, ಆದರೆ ಉತ್ತರ ಯಾರಿಗೆಂದು ಎಲ್ಲರಿಗೂ ಗೊತ್ತಾಯಿತು. ಬೈಬಲ್ಲಿನಲ್ಲಿ ಯೇಸು ಹೇಳುವ ಒಳ್ಳೆಯ ಸಮಾರಿಯದವನ ಕಥೆಯನ್ನು ಧ್ಯಾನಿಸಿ, ಪ್ರೀತಿಯ ನಿಜವಾದ ಕ್ರಮ ಅಲ್ಲಿ ಸಿಗುತ್ತದೆ ಎಂದರು. ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಅವನ ಸ್ವಂತ ಜನ ದಾಟಿ ಹೋಗುತ್ತಾರೆ. ಎತ್ತಿಕೊಳ್ಳುವವನು ಹೊರಗಿನವನು. ಅಪರಿಚಿತನೊಬ್ಬ ಕಣ್ಣೆದುರು ಬಿದ್ದಿರುವಾಗ ‘ನನ್ನ ಸರದಿಯಲ್ಲಿ ಇವನು ಕೊನೆಯವನು’ ಎಂದು ಹೇಳುವಂತಿಲ್ಲ ಎನ್ನುವುದು ಫ್ರಾನ್ಸಿಸ್‌ರ ಓದು.

ನಿಜ ಹೇಳಬೇಕೆಂದರೆ ಎರಡೂ ಮಾತಿಗೂ ಪರಂಪರೆಯಲ್ಲಿ ಜಾಗ ಇದೆ. ತಾಯಿಗೆ ತನ್ನ ಮಗುವಿನ ಹೊಣೆ ಮೊದಲು, ಇದನ್ನು ಯಾವ ಪೋಪೂ ಅಲ್ಲಗಳೆದಿಲ್ಲ. ಆದರೆ ಅಕ್ವಿನಾಸರ ಬರಹದಲ್ಲೇ ಇನ್ನೊಂದು ಅಂಶವೂ ಇದೆ: ತುರ್ತು ಕಷ್ಟದಲ್ಲಿರುವ ಹೊರಗಿನವನಿಗೆ ಕೆಲವೊಮ್ಮೆ ಮೊದಲು ನೆರವಾಗಬೇಕಾಗುತ್ತದೆ. ವ್ಯಾನ್ಸ್ ಆ ಭಾಗವನ್ನು ಬಿಟ್ಟರು. ಅವರ ವಾದದ ದೊಡ್ಡ ಕೊರತೆ ಇದೇ.

ಒಂದೇ ಪ್ಯಾರಾ, ಎರಡು ಓದು

ಕ್ಯಾಥೋಲಿಕ್ ಚರ್ಚಿನ ಅಧಿಕೃತ ಬೋಧನಾ ಗ್ರಂಥದ 2241ನೇ ಪ್ಯಾರಾ ನೋಡಿ. ಅನುಕೂಲಸ್ಥ ದೇಶಗಳು, ತಮ್ಮಿಂದ ಆಗುವಷ್ಟು, ಬದುಕು ಹುಡುಕಿಕೊಂಡು ಬರುವ ಪರದೇಶಿಯನ್ನು ಸ್ವಾಗತಿಸಬೇಕು ಎನ್ನುತ್ತದೆ ಅದರ ಮೊದಲ ಭಾಗ. ಒಟ್ಟಾರೆ ಒಳಿತಿಗಾಗಿ ಸರ್ಕಾರ ವಲಸೆಗೆ ಷರತ್ತು ಹಾಕಬಹುದು, ಬಂದವರು ಅಲ್ಲಿನ ಕಾನೂನು ಪಾಲಿಸಬೇಕು ಎನ್ನುತ್ತದೆ ಎರಡನೆಯದು. ಬಿಷಪರು ಮೊದಲ ಭಾಗವನ್ನು ಒತ್ತಿ ಓದುತ್ತಾರೆ. ಹೋಮನ್ ಥರದವರು ಎರಡನೆಯದನ್ನು.

ಸರ್ಕಾರದ ಪರ ಇರುವ ಕ್ಯಾಥೋಲಿಕರ ವಾದಗಳಲ್ಲಿ ಗಟ್ಟಿಯಾದದ್ದು ಒಂದಿದೆ. ಗರ್ಭಪಾತ ಯಾವ ಸಂದರ್ಭದಲ್ಲೂ ತಪ್ಪು ಎಂದು ಚರ್ಚ್ ಬೋಧಿಸುತ್ತದೆ. ವಲಸೆ ಹಾಗಲ್ಲ. ಎಷ್ಟು ಜನರನ್ನು ಬಿಡಬೇಕು, ಎಷ್ಟು ವೀಸಾ ಕೊಡಬೇಕು ಎನ್ನುವುದು ಲೆಕ್ಕಾಚಾರದ, ವಿವೇಕದ ವಿಷಯ. ಆ ವಿವೇಕವನ್ನು ಬಳಸಬೇಕಾದವರು ಜನ ಆರಿಸಿದ ನಾಯಕರು, ಬಿಷಪರಲ್ಲ ಎನ್ನುತ್ತಾರೆ ಅವರು. ಬಿಷಪರ ಉತ್ತರವೂ ಅಷ್ಟೇ ಸ್ಪಷ್ಟ: ಎಷ್ಟು ಜನ ಎನ್ನುವುದು ನಿಮ್ಮ ತೀರ್ಮಾನ. ಒಳಗಿರುವವರನ್ನು ಮನುಷ್ಯರಂತೆ ನಡೆಸಿಕೊಳ್ಳಬೇಕೋ ಬೇಡವೋ ಎನ್ನುವುದು ಯಾರ ತೀರ್ಮಾನಕ್ಕೂ ಬಿಟ್ಟದ್ದಲ್ಲ.

ಬ್ರಾಡ್‌ವ್ಯೂನಲ್ಲಿ ನಡೆದದ್ದನ್ನು ನೋಡಿದರೆ ಈ ಉತ್ತರದ ತೂಕ ಗೊತ್ತಾಗುತ್ತದೆ. ಅದು ಷಿಕಾಗೊ ಪಕ್ಕದ ಊರು. ಹಿಡಿದ ವಲಸಿಗರನ್ನು ಅಲ್ಲಿನ ವಲಸೆ ಇಲಾಖೆ ಕಟ್ಟಡದಲ್ಲಿ ಇಡುತ್ತಿದ್ದರು. 2025ರ ಅಕ್ಟೋಬರ್ 11ರಂದು ನೂರಾರು ಜನ ಪರಮಪ್ರಸಾದ ಹೊತ್ತ ಮೆರವಣಿಗೆಯಲ್ಲಿ ಅಲ್ಲಿಗೆ ನಡೆದರು. ಒಳಗಿದ್ದವರಿಗೆ ಪರಮಪ್ರಸಾದ ಕೊಡಲು ಬಿಡಿ ಎಂದು ರಾಜ್ಯ ಪೊಲೀಸರ ಮೂಲಕ ಕೇಳಿಸಿದರು. ಅನುಮತಿ ಸಿಗಲಿಲ್ಲ. ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಮತ್ತೆ ಹೋದರು. ಸಹಾಯಕ ಬಿಷಪರೇ ಜೊತೆಗಿದ್ದರು. ಆಗಲೂ ಇಲ್ಲ. ಇದು ಕಚೇರಿ ಕಟ್ಟಡ, ಇಲ್ಲಿ ಅಂಥ ವ್ಯವಸ್ಥೆ ಸಾಧ್ಯವಿಲ್ಲ ಎನ್ನುವುದು ಸರ್ಕಾರದ ಸಮಜಾಯಿಷಿ. ಕ್ಯಾಥೋಲಿಕರಿಗೆ ಪರಮಪ್ರಸಾದ ಎಂದರೆ ಸಾಕ್ಷಾತ್ ಯೇಸು. ಜೈಲಿನಲ್ಲಿ ಕೊಲೆ ಆರೋಪಿಗೂ ಪಾದ್ರಿಯ ಭೇಟಿ ಸಿಗುತ್ತದೆ. ವೀಸಾ ಇಲ್ಲ ಎಂಬ ಕಾರಣಕ್ಕೆ ಹಿಡಿದವನಿಗೆ ಯಾಕಿಲ್ಲ? ಈ ಪ್ರಶ್ನೆ ಸಂಪ್ರದಾಯವಾದಿ ಬಿಷಪರನ್ನೂ ಮುಟ್ಟಿತು.

ಬೆಂಚುಗಳ ಮೇಲೆ ಕೂತವರು ಯಾರು

ಅಮೆರಿಕದ ವಯಸ್ಕರಲ್ಲಿ ಸುಮಾರು ಐದರಲ್ಲಿ ಒಬ್ಬರು ಕ್ಯಾಥೋಲಿಕ್. ಪ್ಯೂ ಸಂಶೋಧನಾ ಕೇಂದ್ರದ 2025ರ ಲೆಕ್ಕದಂತೆ ಆ ಕ್ಯಾಥೋಲಿಕರಲ್ಲಿ ನೂರಕ್ಕೆ 29 ಮಂದಿ ಹೊರದೇಶದಲ್ಲಿ ಹುಟ್ಟಿದವರು. ಇನ್ನು 14 ಮಂದಿ ವಲಸಿಗರ ಮಕ್ಕಳು. ಅಂದರೆ ನೂರರಲ್ಲಿ 43 ಮಂದಿಗೆ ವಲಸೆ ತಮ್ಮದೋ ತಂದೆತಾಯಿಯದೋ ಕಥೆ. ಇವರೆಲ್ಲ ಕಾಗದಪತ್ರ ಇಲ್ಲದವರು ಎಂದಲ್ಲ. ಆದರೆ ಒಂದೇ ಮನೆಯಲ್ಲಿ ಅಪ್ಪನಿಗೆ ಪೌರತ್ವ, ಅಮ್ಮನಿಗೆ ಏನೂ ಇಲ್ಲ, ಮಕ್ಕಳು ಅಮೆರಿಕದಲ್ಲೇ ಹುಟ್ಟಿದವರು ಎನ್ನುವಂಥ ಸಂಸಾರಗಳು ಬೇಕಾದಷ್ಟಿವೆ. ಬಿಷಪರ ಸಂಸ್ಥೆಯೂ ಇವಾಂಜೆಲಿಕಲ್ (ಪ್ರಾಟೆಸ್ಟಂಟ್) ಸಂಘಟನೆಗಳೂ ಸೇರಿ 2025ರಲ್ಲಿ ಹೊರತಂದ ವರದಿಯ ಅಂದಾಜು ಹೀಗಿದೆ: ಅಮೆರಿಕದ ಕ್ಯಾಥೋಲಿಕರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಗಡೀಪಾರಿನ ಅಪಾಯವಿದೆ, ಅಥವಾ ಅವರ ಮನೆಯಲ್ಲೇ ಇರುವ ಇನ್ನೊಬ್ಬರಿಗಿದೆ.

ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊ ಧರ್ಮಪ್ರಾಂತ್ಯದಲ್ಲಿ (ಒಬ್ಬ ಬಿಷಪರ ಉಸ್ತುವಾರಿಯ ಪ್ರದೇಶ) ಈ ಲೆಕ್ಕ ಕಣ್ಣಿಗೆ ಕಂಡಿತು. 2025ರ ಜೂನ್‌ನಲ್ಲಿ ಅಲ್ಲಿನ ಚರ್ಚಿನ ಆವರಣಕ್ಕೇ ವಲಸೆ ಏಜೆಂಟರು ಬಂದು ಜನರನ್ನು ಹಿಡಿದರು. ಜುಲೈ 8ರಂದು ಬಿಷಪ್ ಅಲ್ಬರ್ಟೊ ರೋಹಾಸ್ ಒಂದು ಆದೇಶ ಹೊರಡಿಸಿದರು. ವಲಸೆ ಕಾರ್ಯಾಚರಣೆಯ ನಿಜವಾದ ಭಯ ಇರುವವರು ಭಾನುವಾರದ ಪೂಜೆಗೆ ಬರದಿದ್ದರೂ ಅದು ತಪ್ಪಾಗುವುದಿಲ್ಲ ಎಂದರು. ಕ್ಯಾಥೋಲಿಕರಿಗೆ ಭಾನುವಾರದ ಪೂಜೆ ಇಷ್ಟ ಬಂದರೆ ಹೋಗುವಂಥದ್ದಲ್ಲ, ಕಟ್ಟುನಿಟ್ಟಿನ ಕರ್ತವ್ಯ. ಕೊರೊನಾ ಕಾಲದಲ್ಲಿ ಕೊಟ್ಟಂಥ ವಿನಾಯಿತಿ ಅದು. ಲಕ್ಷಾಂತರ ಕ್ಯಾಥೋಲಿಕರಿರುವ ಧರ್ಮಪ್ರಾಂತ್ಯದಲ್ಲಿ, ವಲಸೆ ಏಜೆಂಟರ ಭಯಕ್ಕೆ, ಸ್ವತಃ ಮೆಕ್ಸಿಕೊದಿಂದ ವಲಸೆ ಬಂದ ಬಿಷಪರೊಬ್ಬರು ಅದನ್ನು ಕೊಡಬೇಕಾಯಿತು. 216 ವೋಟು ಎಲ್ಲಿಂದ ಬಂತು ಎಂದು ಕೇಳುವವರು ಈ ಆದೇಶವನ್ನು ಓದಬೇಕು. ಉದಾರವಾದಿ ಬಿಷಪರ ಚರ್ಚೂ ಖಾಲಿಯಾಗುತ್ತದೆ, ಸಂಪ್ರದಾಯವಾದಿ ಬಿಷಪರ ಚರ್ಚೂ ಖಾಲಿಯಾಗುತ್ತದೆ.

ಹಳೆಯ ನೆನಪೂ ಇದರ ಹಿಂದಿದೆ. ಬಡತನ ತಾಳಲಾರದೆ ಐರಿಷ್ ಕ್ಯಾಥೋಲಿಕರು ಅಮೆರಿಕಕ್ಕೆ ಬಂದಾಗ ಅವರನ್ನೂ ‘ಹೊರಗಿನವರು’ ಎಂದೇ ದೂರಿದ್ದರು. 1834ರಲ್ಲಿ ಬಾಸ್ಟನ್ ಹತ್ತಿರ ಕನ್ಯಾಸ್ತ್ರೀಯರ ಮಠಕ್ಕೆ ಬೆಂಕಿ ಬಿತ್ತು. 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಚರ್ಚುಗಳು ಸುಟ್ಟವು. 1960ರಲ್ಲಿ ಜಾನ್ ಎಫ್. ಕೆನಡಿ ಕೂಡ, ತಾನು ಗೆದ್ದರೆ ಪೋಪ್ ಹೇಳಿದಂತೆ ಆಡಳಿತ ನಡೆಸುವುದಿಲ್ಲ ಎಂದು ಹ್ಯೂಸ್ಟನ್‌ನಲ್ಲಿ ಪ್ರಾಟೆಸ್ಟಂಟ್ ಪಾದ್ರಿಗಳ ಮುಂದೆ ನಿಂತು ಭರವಸೆ ಕೊಡಬೇಕಾಯಿತು.

ಹಾಗಾದರೆ ವೋಟು ಯಾಕೆ ಬದಲಾಗುವುದಿಲ್ಲ?

ಬಿಷಪರೆಲ್ಲ ಒಂದಾದರೂ ಭಕ್ತರು ಒಂದಾಗಿಲ್ಲ. ಪ್ಯೂ ಲೆಕ್ಕದಂತೆ 2024ರ ಚುನಾವಣೆಯಲ್ಲಿ ನೂರಕ್ಕೆ 55 ಕ್ಯಾಥೋಲಿಕರು ಟ್ರಂಪ್‌ಗೆ, 43 ಮಂದಿ ಕಮಲಾ ಹ್ಯಾರಿಸ್‌ಗೆ ವೋಟು ಹಾಕಿದರು. ಬಿಳಿಯ ಕ್ಯಾಥೋಲಿಕರ ಒಲವು ಸ್ಪಷ್ಟವಾಗಿ ಟ್ರಂಪ್ ಕಡೆಗಿತ್ತು. ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಿನ ದೇಶಗಳ ಮೂಲದ) ಕ್ಯಾಥೋಲಿಕರಲ್ಲಿ ಹ್ಯಾರಿಸ್ ಮುಂದಿದ್ದರು, ಆದರೆ ಹಿಂದಿನ ಸಲಕ್ಕಿಂತ ಟ್ರಂಪ್‌ಗೆ ಜಾಸ್ತಿ ವೋಟು ಬಿತ್ತು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ದಿನಸಿ ಬೆಲೆ, ಮನೆ ಬಾಡಿಗೆ, ಗಡಿಯಲ್ಲಿ ಬೈಡನ್ ಕಾಲದ ನೂಕುನುಗ್ಗಲು, ಗರ್ಭಪಾತ, ಶಾಲೆಯಲ್ಲಿ ಲಿಂಗದ ಪಾಠ ಇವೆಲ್ಲ ಸೇರಿ ವೋಟಾಗುತ್ತದೆ. ಬಿಷಪರೇ ದಶಕಗಳ ಕಾಲ ಗರ್ಭಪಾತವನ್ನು ಎಲ್ಲಕ್ಕಿಂತ ಮುಂದಿಟ್ಟರು. ಹಾಗೆ ಕೇಳಿ ಬೆಳೆದ ಭಕ್ತರು ಇವತ್ತು ವಲಸೆಯ ಮಾತನ್ನು ಎರಡನೇ ಸಾಲಿನಲ್ಲಿ ಇಟ್ಟರೆ ಅವರನ್ನು ದೂರುವಂತಿಲ್ಲ. ಮಕ್ಕಳಲ್ಲಿ ಹಿರಿಯವನನ್ನೇ ಸದಾ ಮುದ್ದಿಸಿದ ಅಪ್ಪ, ಕಿರಿಯವನನ್ನೂ ನೋಡಿಕೊಳ್ಳಿ ಎಂದು ಕೊನೆಗೆ ಹೇಳಿದಂತೆ ಆಗಿದೆ ಇದು.

ಚರ್ಚ್ ಯಾವ ಪಕ್ಷಕ್ಕೂ ಪೂರ್ತಿ ಹೊಂದುವುದಿಲ್ಲ ಎಂಬುದಕ್ಕೆ ಸೆನೆಟರ್ ಡಿಕ್ ಡರ್ಬಿನ್ ಪ್ರಕರಣ ಸಾಕ್ಷಿ. ಡರ್ಬಿನ್ ಡೆಮಾಕ್ರಾಟ್, ಕ್ಯಾಥೋಲಿಕ್, ವಲಸಿಗರ ಪರ ದಶಕಗಳ ಕೆಲಸ ಮಾಡಿದವರು. ಗರ್ಭಪಾತದ ಹಕ್ಕಿನ ಪರವೂ ಹೌದು. ಅದೇ ಕಾರಣಕ್ಕೆ ಸ್ವಂತ ಊರು ಸ್ಪ್ರಿಂಗ್‌ಫೀಲ್ಡ್‌ನ ಧರ್ಮಪ್ರಾಂತ್ಯದಲ್ಲಿ 2004ರಿಂದ ಅವರಿಗೆ ಪರಮಪ್ರಸಾದ ಇಲ್ಲ. ಕಾರ್ಡಿನಲ್ ಸೂಪಿಚ್ 2025ರಲ್ಲಿ ಅವರಿಗೆ ಪ್ರಶಸ್ತಿ ಕೊಡಲು ಹೊರಟಾಗ ಸ್ಪ್ರಿಂಗ್‌ಫೀಲ್ಡ್ ಬಿಷಪ್ ಥಾಮಸ್ ಪಪ್ರೋಕಿ ಬಹಿರಂಗವಾಗಿ ವಿರೋಧಿಸಿದರು. ಸೆಪ್ಟೆಂಬರ್ 30ರಂದು ಪತ್ರಕರ್ತರು ಕೇಳಿದಾಗ ಪೋಪ್ ಲಿಯೋ, ಗರ್ಭಪಾತ ಬೇಡ ಎನ್ನುತ್ತಾ ವಲಸಿಗರನ್ನು ಅಮಾನವೀಯವಾಗಿ ನಡೆಸಿಕೊಳ್ಳುವುದನ್ನು ಒಪ್ಪುವವರು ಜೀವಪರರೋ ಅಲ್ಲವೋ ತನಗೆ ತಿಳಿಯದು ಎಂದರು. ಅದೇ ದಿನ ಡರ್ಬಿನ್ ಪ್ರಶಸ್ತಿ ಬೇಡವೆಂದರು. ಒಂದೇ ರಾಜ್ಯ, ಇಬ್ಬರು ಬಿಷಪರು, ಒಬ್ಬ ಭಕ್ತ, ಎರಡು ತೀರ್ಪು.

ಹಾಗಂತ ಸರ್ಕಾರದ ಜೊತೆ ಮಾತೇ ನಿಂತಿದೆ ಎಂದುಕೊಳ್ಳಬೇಡಿ. ಟ್ರಂಪ್ 2025ರಲ್ಲಿ ನೇಮಿಸಿದ ಧಾರ್ಮಿಕ ಸ್ವಾತಂತ್ರ್ಯ ಆಯೋಗದಲ್ಲಿ ಕಾರ್ಡಿನಲ್ ತಿಮೊಥಿ ಡೋಲನ್, ಬಿಷಪ್ ರಾಬರ್ಟ್ ಬ್ಯಾರನ್ ಹೆಸರು ಇದ್ದವು. ಖಾಸಗಿ ಶಾಲೆಗೆ ತೆರಿಗೆ ರಿಯಾಯಿತಿ, ಗರ್ಭಪಾತದಂಥ ವಿಷಯಗಳಲ್ಲಿ ಬಿಷಪರೂ ರಿಪಬ್ಲಿಕನ್ನರೂ ಒಂದೇ ಕಡೆ ಇದ್ದಾರೆ.

ಮುಂದೆ ಏನಾಗಬಹುದು

ಮೊದಲು ಕೋರ್ಟು ನೋಡಿ. 1993ರ ಧಾರ್ಮಿಕ ಸ್ವಾತಂತ್ರ್ಯ ಕಾಯಿದೆಯನ್ನು ಈಚಿನ ವರ್ಷಗಳಲ್ಲಿ ಹೆಚ್ಚಾಗಿ ಬಳಸಿದ್ದು ಸಂಪ್ರದಾಯವಾದಿಗಳು. ಚರ್ಚಿನೊಳಗೆ ಏಜೆಂಟರು ಬಂದರೆ ಭಕ್ತರು ಬರುವುದಿಲ್ಲ, ಅದು ಆರಾಧನೆಗೆ ಅಡ್ಡಿ ಎಂದು ಈಗ ಅದೇ ಕಾಯಿದೆ ಹಿಡಿದು ಹಲವು ಧರ್ಮಗಳ ಸಂಸ್ಥೆಗಳು ಕೇಸು ಹಾಕಿವೆ. 2025ರ ಫೆಬ್ರುವರಿಯಲ್ಲಿ ಮೇರಿಲ್ಯಾಂಡ್‌ನ ನ್ಯಾಯಾಧೀಶರು ಕ್ವೇಕರರು ಎಂಬ ಪುಟ್ಟ ಕ್ರೈಸ್ತ ಪಂಥದವರು, ಒಂದು ಸಿಖ್ ಗುರುದ್ವಾರ ಮೊದಲಾದ ಅರ್ಜಿದಾರರಿಗೆ ರಕ್ಷಣೆ ಕೊಟ್ಟರು. ಏಪ್ರಿಲ್‌ನಲ್ಲಿ ವಾಷಿಂಗ್ಟನ್‌ನ ಇನ್ನೊಬ್ಬ ನ್ಯಾಯಾಧೀಶರು ಬೇರೆ ಗುಂಪಿನ ಅಂಥದೇ ಕೋರಿಕೆಯನ್ನು ತಳ್ಳಿಹಾಕಿದರು. ಟೆಕ್ಸಾಸ್‌ನ ಎಲ್ ಪಾಸೊದಲ್ಲಿ 1978ರಿಂದ ವಲಸಿಗರಿಗೆ ಊಟ, ಹಾಸಿಗೆ ಕೊಡುತ್ತಿರುವ ಕ್ಯಾಥೋಲಿಕ್ ಆಶ್ರಯ ಅನೌನ್ಸಿಯೇಷನ್ ಹೌಸ್. ಅದನ್ನು ಮುಚ್ಚಿಸುವ ಪ್ರಯತ್ನ ಮುಂದುವರಿಸಲು 2025ರ ಮೇ ತಿಂಗಳಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅಟಾರ್ನಿ ಜನರಲ್‌ಗೆ ಅನುಮತಿ ಕೊಟ್ಟಿತು. ಹಸಿದವನಿಗೆ ಊಟ ಹಾಕುವುದು ಧರ್ಮಾಚರಣೆಯೋ ಕಾನೂನು ಮುರಿದವನಿಗೆ ಆಶ್ರಯವೋ? ದೇಶದ ಸುಪ್ರೀಂ ಕೋರ್ಟು ಒಂದಲ್ಲ ಒಂದು ದಿನ ಇದಕ್ಕೆ ಉತ್ತರ ಹೇಳಬೇಕಾದೀತು.

ಎರಡನೆಯದು ಚುನಾವಣೆ. 2026ರ ನವೆಂಬರ್‌ನ ಮಧ್ಯಂತರ ಚುನಾವಣೆಯಲ್ಲಿ ಬಿಷಪರ ಮಾತಿನಿಂದ ಬಿಳಿಯ ಕ್ಯಾಥೋಲಿಕರ ವೋಟು ದೊಡ್ಡದಾಗಿ ಕದಲುವ ಸಾಧ್ಯತೆ ಕಡಿಮೆ. ಟ್ರಂಪ್ ಕಡೆ ವಾಲಿದ ಹಿಸ್ಪಾನಿಕ್ ಕ್ಯಾಥೋಲಿಕರ ಮಾತು ಬೇರೆ. ತಮ್ಮ ಬೀದಿಯಲ್ಲೇ ಕಾರ್ಯಾಚರಣೆ ನೋಡಿದವರಿಗೆ ಬಿಷಪರ ಸಂದೇಶ ಬೇಕಾಗಿಯೂ ಇಲ್ಲ.

ಮೂರನೆಯದು ಪಾದ್ರಿಗಳದ್ದು, ಇದು ನಮ್ಮ ಕಡೆಗೂ ತಾಗುತ್ತದೆ. ಅಮೆರಿಕದಲ್ಲಿ ಹುಟ್ಟಿದವರಿಂದಲೇ ಪಾದ್ರಿಗಳು ಸಾಕಾಗುವಷ್ಟು ಸಿಗುತ್ತಿಲ್ಲ. ಅಲ್ಲಿನ ಹಳ್ಳಿ, ಸಣ್ಣ ಪಟ್ಟಣಗಳ ಎಷ್ಟೋ ಚರ್ಚುಗಳು ನಡೆಯುತ್ತಿರುವುದು ಭಾರತ, ನೈಜೀರಿಯಾ, ಫಿಲಿಪೀನ್ಸ್, ಲ್ಯಾಟಿನ್ ಅಮೆರಿಕಗಳಿಂದ ಹೋದ ಗುರುಗಳಿಂದ. ಮಂಗಳೂರು ಕಡೆಯ ಫಾದರ್‌ಗಳೂ ಅವರಲ್ಲಿದ್ದಾರೆ. ಇವರು ಹೋಗುವುದು ಆರ್–1 ಎಂಬ ಧಾರ್ಮಿಕ ಕೆಲಸದ ವೀಸಾ ಮೇಲೆ, ಅದರ ಗರಿಷ್ಠ ಅವಧಿ ಐದು ವರ್ಷ. 2023ರಲ್ಲಿ ಗ್ರೀನ್ ಕಾರ್ಡ್ ಸರದಿಯ ಲೆಕ್ಕ ಬದಲಾಗಿ ಸಾಲು ಬಹಳ ಉದ್ದವಾಯಿತು. ಐದು ವರ್ಷದೊಳಗೆ ಕಾರ್ಡ್ ಬರದಿದ್ದರೆ ದೇಶ ಬಿಡಬೇಕು, ಮರಳಿ ಬರಲು ಒಂದು ವರ್ಷ ಹೊರಗೆ ಕಾಯಬೇಕು ಎನ್ನುವುದು ನಿಯಮವಾಗಿತ್ತು. ಬಿಷಪರು ಬಿಡದೆ ಒತ್ತಾಯಿಸಿದರು. 2026ರ ಜನವರಿಯಲ್ಲಿ ಟ್ರಂಪ್ ಸರ್ಕಾರವೇ ಆ ಒಂದು ವರ್ಷದ ಕಾಯುವಿಕೆಯನ್ನು ತೆಗೆದುಹಾಕಿತು. ಐದು ವರ್ಷದ ಮಿತಿ ಹಾಗೇ ಇದೆ, ಗ್ರೀನ್ ಕಾರ್ಡಿನ ಸಾಲೂ ಹಾಗೇ ಇದೆ. ಅದನ್ನು ಸರಿಪಡಿಸುವ ಮಸೂದೆಯನ್ನು ಎರಡೂ ಪಕ್ಷಗಳ ಸದಸ್ಯರು ಸೇರಿ 2025ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಮಂಡಿಸಿದ್ದಾರೆ.